ಮಾವ ಕೂತಾಗ ಮುಗ್ಗರಿಸುವ ಕಾರು

ಕಾರು ಮುಗ್ಗರಿಸುತ್ತಿದ್ದುದು ಮಾವ ಕೂತಾಗ ಮಾತ್ರ. ಆ ಮನೆಯ ತಲೆನೋವು ಇದೇ. ಯಾರು ಕೂತರೂ ಮುಗ್ಗರಿಸುವ ಕಾರಾಗಿದ್ದರೆ ಗ್ಯಾರೇಜಿಗೆ ಬಿಟ್ಟು ಕೈತೊಳೆದುಕೊಳ್ಳಬಹುದಿತ್ತು. ಸೊಸೆ ಒಬ್ಬಳೇ ಕೆಲಸಕ್ಕೆ ಹೋಗುವಾಗ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಓಡುತ್ತಿದ್ದ ಕಾರು, ಮಗಳನ್ನು ಕಾಲೇಜಿಗೆ ಬಿಡುವಾಗ ತುಟಿಪಿಟಕ್ಕೆನ್ನದ ಕಾರು, ಮಾವ ಬಂದು ಮುಂದಿನ ಸೀಟಿನಲ್ಲಿ ಕೂತು, ಬೆಲ್ಟು ಎಳೆದು ಸಿಕ್ಕಿಸಿ, "ಹೂಂ, ನಡಿ" ಅಂದರೆ ಸಾಕು, ಊರಾಚೆಯ ದೊಡ್ಡ ರಸ್ತೆ ಸೇರಿ ಎರಡು ನಿಮಿಷವಾಗುವಷ್ಟರಲ್ಲಿ ಜರ್ಕ್ ಹೊಡೆಯುತ್ತಿತ್ತು. ಗಕ್ಕನೆ ಹಿಡಿದಂತಾಗುವುದು, ಮುಂದಕ್ಕೆ ನುಗ್ಗುವುದು, ಮತ್ತೆ ಗಕ್. ಮಾವನ ತಲೆ ಹಿಂದೆ ಮುಂದೆ ಹೋಗಿ ಬರುವುದು.

"ಕಾಲು," ಎನ್ನುತ್ತಿದ್ದರು ಮಾವ. "ಕಾಲು ಕಣಮ್ಮಾ, ಕಾಲು."

ಹೇಳಿ ಕೇಳಿ ಮೂವತ್ತೊಂದು ವರ್ಷ ದೊಡ್ಡ ಆಫೀಸೊಂದರ ಸಾಹೇಬರ ಕಾರು ಓಡಿಸಿದವರು. ಸಾಹೇಬರು ಹಿಂದಿನ ಸೀಟಿನಲ್ಲಿ ಒಂದು ಕೈಯಲ್ಲಿ ಚಹಾದ ಲೋಟ, ಒಂದು ಕೈಯಲ್ಲಿ ಫೈಲು ಹಿಡಿದು ಕೂರುತ್ತಿದ್ದರಂತೆ. ಮೂವತ್ತೊಂದು ವರ್ಷದಲ್ಲಿ ಫೈಲಿನ ಮೇಲೆ ಒಂದು ತೊಟ್ಟು ಚಹಾ ಬಿದ್ದಿಲ್ಲವಂತೆ. ಈ ಲೋಟದ ಕಥೆಯನ್ನು ಮನೆಯವರು ಎಷ್ಟು ಸಲ ಕೇಳಿದ್ದರೆಂದರೆ, ಮಾವ "ಸಾಹೇಬ್ರು" ಎಂದು ಬಾಯಿ ತೆರೆದ ಕೂಡಲೇ ಮೊಮ್ಮಗಳು ತನ್ನ ಲೋಟ ಎತ್ತಿಕೊಂಡು ಅಡುಗೆಮನೆಗೆ ನಡೆದುಬಿಡುತ್ತಿದ್ದಳು. ನಿವೃತ್ತರಾದ ಮೇಲೆ ಮಾವ ಸ್ವಂತಕ್ಕೆ ಈ ಕಾರು ಕೊಂಡು ಹದಿನಾಲ್ಕು ವರ್ಷ ಓಡಿಸಿದರು. ಆಮೇಲೆ ಸಕ್ಕರೆ ಕಾಯಿಲೆ ಪಾದಕ್ಕೆ ಇಳಿಯಿತು. ಒಂದು ದಿನ ಬಲಗಾಲಿನ ಚಪ್ಪಲಿ ದಾರಿಯಲ್ಲೆಲ್ಲೋ ಕಳಚಿಬಿದ್ದದ್ದು ಗೊತ್ತೇ ಆಗದೆ ಬರಿಗಾಲಲ್ಲಿ ಮನೆತನಕ ಬಂದರು. ಅಂಗಾಲಲ್ಲಿ ಗಾಜಿನ ಚೂರು ಚುಚ್ಚಿಕೊಂಡಿತ್ತು, ಅದೂ ಗೊತ್ತಾಗಿರಲಿಲ್ಲ. ಇನ್ನು ಸ್ಟೇರಿಂಗ್ ಮುಟ್ಟಬಾರದು ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದರು. ಕಾರು ಹತ್ತಿರ ಹತ್ತಿರ ಎರಡು ವರ್ಷ ಹೊದಿಕೆ ಹೊದ್ದುಕೊಂಡು ಗೋಡೆ ಪಕ್ಕದಲ್ಲಿ ನಿಂತಿತು.

ಆಮೇಲೆ ಮಾವನ ಕಾಲಿಗೆ ವಾರಕ್ಕೆ ಮೂರು ದಿನ ಫಿಸಿಯೋಥೆರಪಿ ಆಗಬೇಕೆಂದಾಯಿತು. ಕರೆದುಕೊಂಡು ಹೋಗುವವರು ಯಾರು? ಮಗ ನೀರು ಸರಬರಾಜಿನ ಪಂಪ್‌ಹೌಸಿನಲ್ಲಿ ಆಪರೇಟರು, ಬೆಳಗಿನ ಪಾಳಿ ಆರಕ್ಕೇ ಶುರು. ಪಾಳಿ ಇಲ್ಲದಿದ್ದರೂ ಅಷ್ಟೇ ಅನ್ನಿ. ಇಪ್ಪತ್ತನೇ ವಯಸ್ಸಿನಲ್ಲಿ ಅಪ್ಪನ ಹತ್ತಿರ ಮೂರು ದಿನ ಡ್ರೈವಿಂಗ್ ಕಲಿತು, ನಾಲ್ಕನೇ ದಿನ ಕೀ ಎಸೆದು ಬಸ್ಸು ಹತ್ತಿದವನು, ಇವತ್ತಿಗೂ ಆ ಬಸ್ಸಿನಿಂದ ಇಳಿದಿಲ್ಲ. ಹಾಗಾಗಿ ನಲವತ್ತೊಂದನೇ ವಯಸ್ಸಿನಲ್ಲಿ ಸೊಸೆ ಡ್ರೈವಿಂಗ್ ಕಲಿತಳು. ಲೈಸೆನ್ಸು ಒಂದೇ ಏಟಿಗೆ ಸಿಕ್ಕಿತು. ಅಂದು ರಸ್ತೆಯಲ್ಲಿ ನಿಂತು ಅದನ್ನು ಎರಡು ಸಲ ಓದಿಕೊಂಡಳು.

ಅವಳ ದಿನ ಹೀಗೆ: ಐದಕ್ಕೆ ಏಳುವುದು, ಗಂಡನ ಡಬ್ಬಿ ಕಟ್ಟುವುದು, ಮಾವನ ಸಕ್ಕರೆ ನೋಡಿ ಸೂಜಿ ಚುಚ್ಚುವುದು, ಬ್ರೆಡ್ಡು ಮೊಟ್ಟೆ ಮುಂದಿಡುವುದು, ಮೊಟ್ಟೆ ಜಾಸ್ತಿ ಬೆಂದಿದೆ ಎಂದು ಕೇಳಿಸಿಕೊಳ್ಳುವುದು, ಎಂಟಕ್ಕೆ ಅವರನ್ನು ಫಿಸಿಯೋಗೆ ಬಿಟ್ಟು ಎಂಟೂವರೆಗೆ ಲಾಂಡ್ರಿ ಮುಟ್ಟುವುದು. ಆಸ್ಪತ್ರೆಗಳ ಹಾಸಿಗೆ ಬಟ್ಟೆ ತೊಳೆಯುವ ದೊಡ್ಡ ಲಾಂಡ್ರಿ ಅದು. ಇಸ್ತ್ರಿ ವಿಭಾಗ ಇವಳ ಕೈಲಿ. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಓಡಿಬಂದು ಮಾವನನ್ನು ಮನೆಗೆ ಬಿಟ್ಟು ಮತ್ತೆ ಓಡುವುದು. ಸಂಜೆ ಬಂದು ಅಡುಗೆ. ಆಮೇಲೆ ಮಾವನ ಪಾದ. ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಒರೆಸಿ, ಬೆರಳು ಬೆರಳು ಬಿಡಿಸಿ, ಟಾರ್ಚು ಹಾಕಿ ಗಾಯ ಇದೆಯೇ ಎಂದು ನೋಡಬೇಕು. ಮಾವನಿಗೆ ನೋವೇ ಗೊತ್ತಾಗದ್ದರಿಂದ ಅವರ ಪಾದಕ್ಕೆ ಏನಾಗಿದೆ ಎಂದು ಗೊತ್ತಿದ್ದದ್ದು ಪ್ರಪಂಚದಲ್ಲಿ ಇವಳಿಗೊಬ್ಬಳಿಗೇ.

ಅಂಥವಳಿಗೆ ದಿನ ಬಿಟ್ಟು ದಿನ "ಕಾಲು ಕಣಮ್ಮಾ, ಕಾಲು."

"ಮುಳ್ಳು ಐವತ್ತರ ಮೇಲೆ ನಿಲ್ಲಬೇಕು," ಮಾವ ಕೂತ ಕೂಡಲೇ ಪಾಠ ಶುರು ಮಾಡುತ್ತಿದ್ದರು. "ನಲವತ್ತೈದೂ ಬೇಡ, ಐವತ್ತೈದೂ ಬೇಡ. ನಾಲ್ಕನೇ ಗೇರು, ಐವತ್ತು. ಕಾಲನ್ನ ಅಲ್ಲಿ ಇಟ್ಟು ಮರೆತುಬಿಡು. ನಾನು ಹದಿನಾಲ್ಕು ವರ್ಷ ಈ ರಸ್ತೇಲಿ ಹಾಗೇ ಹೋಗಿದೀನಿ."

"ಇಟ್ಟಿದೀನಿ ಮಾವ."

"ಇಟ್ಟಿದ್ರೆ ಹೀಗ್ಯಾಕೆ ಕುಣಿಯುತ್ತೆ?"

ಗಕ್. ಹಿಂದಿನ ಲಾರಿಯವನು ಹಾರ್ನ್ ಹೊಡೆಯುತ್ತಿದ್ದ.

ಮೂರನೇ ವಾರ ಮಾವನ ಪರಿಚಯದ ಗ್ಯಾರೇಜಿಗೆ ಕಾರು ಹೋಯಿತು. ಅಲ್ಲಿಯವನು ಪ್ಲಗ್ಗು ಬದಲಾಯಿಸಿದ, ಪೆಟ್ರೋಲ್ ಫಿಲ್ಟರ್ ಬದಲಾಯಿಸಿದ, ಸ್ಕ್ಯಾನರ್ ಸಿಕ್ಕಿಸಿ ನೋಡಿದ. ತಾನೇ ಓಡಿಸಿಕೊಂಡು ಎರಡು ಸುತ್ತು ಹೋಗಿಬಂದ. ಗ್ಯಾರೇಜಿನವರು ಗಿರಾಕಿಯ ಕಾರು ಓಡಿಸುವ ರೀತಿ ಗೊತ್ತಲ್ಲ, ಎಪ್ಪತ್ತಕ್ಕೆ ಏರಿಸಿ ಗಕ್ಕನೆ ಬ್ರೇಕು. ಜರ್ಕ್ ಎಲ್ಲಿಂದ ಬರಬೇಕು? "ಗಾಡೀಲಿ ಏನೂ ಇಲ್ಲ," ಎಂದು ಫೋನಿನಲ್ಲಿ ಹೇಳಿದ. "ಲೇಡೀಸ್ ಓಡಿಸ್ತಾರಲ್ವಾ, ಸ್ವಲ್ಪ ಪ್ರಾಕ್ಟೀಸ್ ಆದ್ರೆ ಸರಿ ಹೋಗುತ್ತೆ."

ಅವತ್ತಿನ ಊಟದ ಹೊತ್ತಿಗೆ ಈ ಮಾತು ಅನ್ನ, ಬೇಳೆ, ಆಲೂಗಡ್ಡೆ ಪಲ್ಯದ ಜೊತೆ ಮೇಜಿನ ಮೇಲೆ ಬಂತು.

"ನೋಡು," ಅಂದ ಗಂಡ, ಪಲ್ಯ ಬಡಿಸಿಕೊಳ್ಳುತ್ತ. "ನಾನು ಬೈತಿಲ್ಲ. ಸುಮ್ನೆ ಕೇಳ್ತಿದೀನಿ. ನೀನೊಬ್ಳೇ ಹೋದಾಗ ಜರ್ಕ್ ಹೊಡೆಯಲ್ಲ ಅಂತ ನೀನೇ ಹೇಳ್ತೀಯ."

"ಹೌದು."

"ಅಪ್ಪ ಕೂತ್ರೆ ಹೊಡೆಯುತ್ತೆ."

"ಹೌದು ರೀ."

"ಹಾಗಾದ್ರೆ ಏನರ್ಥ?"

"ತಾತನ್ನ ಕಂಡ್ರೆ ಕಾರಿಗೂ ಆಗಲ್ಲ ಅಂತ ಅರ್ಥ," ಅಂದಳು ಮಗಳು.

"ನೀನು ಬಾಯಿ ಮುಚ್ಕೊಂಡು ಊಟ ಮಾಡು."

ಮಾವ ತಟ್ಟೆಯಿಂದ ತಲೆ ಎತ್ತಲಿಲ್ಲ. "ನಾನು ಇಷ್ಟು ವರ್ಷ ಎಷ್ಟು ಡ್ರೈವರುಗಳನ್ನ ನೋಡಿದೀನಿ," ಎಂದರು ನಿಧಾನವಾಗಿ. "ಮನಸ್ಸಲ್ಲಿ ಇರೋದು ಬಾಯಿಗೆ ಬರದೇ ಇದ್ರೆ ಕಾಲಿಗೆ ಇಳಿಯುತ್ತೆ. ನನ್ನ ಮೇಲೆ ಸಿಟ್ಟಿದೆ ನಿನ್ನ ಹೆಂಡ್ತಿಗೆ. ಹೇಳ್ಕೊಳ್ಳಲ್ಲ. ಆಕ್ಸಿಲರೇಟರ್ ಮೇಲೆ ತೀರಿಸ್ಕೋತಾಳೆ."

ಸೊಸೆಯ ಕೈಯಲ್ಲಿದ್ದ ಸೌಟು ನಿಂತಿತು. ಏನಾದರೂ ಹೇಳಬಹುದಿತ್ತು. ಹೇಳಲು ಆಗಲಿಲ್ಲ, ಯಾಕೆಂದರೆ ಸಿಟ್ಟಿದ್ದದ್ದು ನಿಜ. ಬೆಟ್ಟದಷ್ಟಿತ್ತು. ಮೊಟ್ಟೆ ಜಾಸ್ತಿ ಬೆಂದದ್ದಕ್ಕೆ, ಬಟ್ಟೆ ಮಡಿಸಿದ್ದು ಸರಿ ಇಲ್ಲ ಎಂದದ್ದಕ್ಕೆ (ದಿನಕ್ಕೆ ಎಂಟುನೂರು ಚಾದರ ಮಡಿಸುವವಳ ಮಡಿಕೆ ಸರಿ ಇಲ್ಲವಂತೆ!), ಇಪ್ಪತ್ತು ವರ್ಷದಲ್ಲಿ ಒಂದು ಸಲವೂ "ಚೆನ್ನಾಗಿದೆ" ಎನ್ನದೇ ಇದ್ದದ್ದಕ್ಕೆ. ಅಷ್ಟೆಲ್ಲ ಸಿಟ್ಟು ಎಲ್ಲಿಗೆ ಹೋಗುತ್ತದೆ ಎಂದು ಅವಳೂ ಯೋಚಿಸಿರಲಿಲ್ಲ. ಕಾಲಿಗೇ ಇಳಿಯುತ್ತಿದ್ದರೂ ಇಳಿಯುತ್ತಿರಬಹುದು ಎಂದು ಅವತ್ತು ಮೊದಲ ಸಲ ಅನ್ನಿಸಿತು.

ಅಂದಿನಿಂದ ಅವಳು ಕಾಲನ್ನು ಕಾಯತೊಡಗಿದಳು. ಶೂ ಬಿಟ್ಟು ಬರಿಗಾಲಲ್ಲಿ ಓಡಿಸಿದಳು. ತೆಳು ಕಾಲುಚೀಲ ಹಾಕಿ ಓಡಿಸಿದಳು. ಲಾಂಡ್ರಿಯಲ್ಲಿ ದೊಡ್ಡ ಆವಿ ಇಸ್ತ್ರಿ ಯಂತ್ರಕ್ಕೆ ಕಾಲಲ್ಲಿ ಒತ್ತುವ ಪೆಡಲಿದೆ. ಹೆಚ್ಚು ಒತ್ತಿದರೆ ಬಟ್ಟೆ ಸುಡುತ್ತದೆ, ಕಡಿಮೆ ಒತ್ತಿದರೆ ಸುಕ್ಕು ಹೋಗುವುದಿಲ್ಲ. ಆ ಪೆಡಲಿನ ಮೇಲೆ ಅವಳ ಕಾಲಿಗೆ ಇದ್ದ ಹದ ಇನ್ನೊಬ್ಬರಿಗಿಲ್ಲ, ಹೊಸಬರಿಗೆ ಕಲಿಸುವುದೂ ಅವಳೇ. ಅದೇ ಕಾಲು ಇಲ್ಲಿ ಸರಿ, ಅಲ್ಲಿ ಯಾಕೆ ಕೆಡುತ್ತದೆ? ಪೆಡಲು ಒತ್ತುತ್ತ ಒತ್ತುತ್ತ ಮಾವನ ಮುಖ ನೆನಪಿಸಿಕೊಂಡು ನೋಡಿದಳು, ಕಾಲು ನಡುಗುತ್ತದೆಯೋ ಏನೋ ಎಂದು. ನಡುಗಲಿಲ್ಲ. ಪಕ್ಕದವಳು, "ಏನಕ್ಕಾ, ಹಾಗ್ ನೋಡ್ತಿದೀರಿ ದಿಂಬಿನ ಕವರನ್ನ, ಏನ್ ಮಾಡ್ತು ನಿಮಗೆ ಅದು?" ಎಂದಳು.

ಐದನೇ ವಾರದ ಸೋಮವಾರ ಆಗಬಾರದ್ದು ಆಯಿತು. ದೊಡ್ಡ ರಸ್ತೆಯಲ್ಲಿ ಕಾರು ಗಕ್ಕೆಂದಾಗ ಮಾವ ಬಗ್ಗಿ ಕನ್ನಡಕ ಎತ್ತಿಕೊಳ್ಳುತ್ತಿದ್ದರು, ಹಣೆ ಡ್ಯಾಶ್‌ಬೋರ್ಡಿಗೆ ಬಡಿಯಿತು. ರಕ್ತ ಬರಲಿಲ್ಲ, ಆದರೆ ನಿಂಬೆಹಣ್ಣಿನಷ್ಟು ಊತ ಬಂತು. ಸೊಸೆ ಕಾರನ್ನು ಪಕ್ಕಕ್ಕೆ ಹಾಕಿ, ಕುಡಿಯುವ ನೀರಿನಲ್ಲಿ ಕರವಸ್ತ್ರ ನೆನೆಸಿ ಹಣೆಗೆ ಹಿಡಿದಳು. ಮಾವ ಬೈಯಲಿಲ್ಲ. ಬೈದಿದ್ದರೆ ಪರವಾಗಿರಲಿಲ್ಲ.

ಸಂಜೆ ಗಂಡ ಅಪ್ಪನ ಹಣೆ ನೋಡಿದ, ಹೆಂಡತಿಯ ಮುಖ ನೋಡಿದ, ಶೂ ಬಿಚ್ಚಲಿಲ್ಲ.

"ಸಾಕು. ಕಾರು ಮಾರೋಣ. ಮೂಲೆ ಔಷಧಿ ಅಂಗಡಿಯವನು ಕೇಳ್ತಾನೇ ಇದ್ದ. ಭಾನುವಾರ ಬಂದು ನೋಡು ಅಂತೀನಿ."

"ಫಿಸಿಯೋಗೆ ಹೇಗೆ ಹೋಗ್ತಾರೆ?"

"ಬಾಡಿಗೆ ಗಾಡಿ ಮಾಡಿದ್ರಾಯ್ತು."

"ಹತ್ತಿಸಿ ಇಳಿಸೋದಕ್ಕೆ, ಒಳಗೆ ಬಿಟ್ಟು ಬರೋದಕ್ಕೆ ಯಾರಾದ್ರೂ ಬೇಕಲ್ಲ."

ಗಂಡ ಶೂ ಬಿಚ್ಚಲು ಬಗ್ಗಿದ. ಬಗ್ಗಿಕೊಂಡೇ ಹೇಳಿದ: "ಸ್ವಲ್ಪ ದಿನ ನೀನು ಕೆಲಸ ಬಿಡು. ಎಷ್ಟು ದಿನ ಅಂತ ಹೀಗೆ ಓಡ್ತೀಯ? ನಿನಗೂ ಸುಸ್ತಾಗಿದೆ. ಅದಕ್ಕೇ ಹೀಗಾಗ್ತಿದೆ."

ಕಾಳಜಿಯ ಮಾತೇ, ಇಲ್ಲ ಎನ್ನುವಂತಿಲ್ಲ. ಸುಸ್ತು ಆಗಿದ್ದದ್ದೂ ನಿಜ. ಆದರೆ ಅವಳು ಸುಸ್ತನ್ನು ಇಳಿಸಿಕೊಳ್ಳುತ್ತಿದ್ದದ್ದೇ ಆ ಲಾಂಡ್ರಿಯಲ್ಲಿ. ಆವಿ, ಸೆಕೆ, ಗದ್ದಲ, ಇಪ್ಪತ್ತು ಜನರ ಹರಟೆ, "ಅಕ್ಕಾ ಇದು ಸರಿಯಾ ನೋಡಿ" ಎಂದು ಕೇಳುವವರು. ಅದನ್ನು ಬಿಟ್ಟು ಇಡೀ ದಿನ ಈ ಮನೆಯಲ್ಲಿ ಮೊಟ್ಟೆ ಜಾಸ್ತಿ ಬೆಂದದ್ದನ್ನು ಕೇಳುತ್ತ ಕೂರುವುದೇ? "ಭಾನುವಾರದವರೆಗೆ ಓಡಿಸ್ತೀನಿ," ಅಂದಳು. "ಆಮೇಲೆ ನೋಡೋಣ."

ಬುಧವಾರ ಮಾವನನ್ನು ಬಿಟ್ಟಾಯಿತು. ಹೋಗುವಾಗ ಎರಡು ಜರ್ಕ್. ಮಾವ "ಕಾಲು" ಎಂದೂ ಅನ್ನಲಿಲ್ಲ, ಎರಡೂ ಕೈ ಮುಂದೆ ಊರಿಕೊಂಡು ಕೂತಿದ್ದರು. ಅವರು ಇಳಿದುಹೋದ ಮೇಲೆ ಸೊಸೆ ಒಂದು ನಿಮಿಷ ಸ್ಟೇರಿಂಗ್ ಹಿಡಿದು ಸುಮ್ಮನೆ ಕೂತಳು. ಪರೀಕ್ಷೆಯಲ್ಲಿ ಮತ್ತೆ ಮತ್ತೆ ಫೇಲಾದವಳು ಮನೆಯಲ್ಲಿ ಕೂತು ಒಂದು ಸಲ ಬರೆದು ನೋಡುವ ಹಾಗೆ, ಇವತ್ತು ಒಬ್ಬಳೇ ಇರುವಾಗ ಅವರು ಹೇಳಿದ ಹಾಗೇ ಓಡಿಸಿ ನೋಡುತ್ತೇನೆ ಅಂದುಕೊಂಡಳು. ಒಬ್ಬಳೇ ಇದ್ದಾಗ ಅವಳು ಎಂದೂ ಐವತ್ತರಲ್ಲಿ ಹೋದವಳಲ್ಲ. ಕೆಲಸಕ್ಕೆ ಹೊತ್ತಾಗಿರುತ್ತಿತ್ತು, ಅರವತ್ತು ಅರವತ್ತೈದರಲ್ಲೇ ಓಡುತ್ತಿದ್ದಳು. ಕಾಲೇಜಿನ ದಾರಿಯಲ್ಲಿ ಜನಜಂಗುಳಿ, ಮೂವತ್ತು ದಾಟುತ್ತಿರಲಿಲ್ಲ.

ಪಕ್ಕದ ಸೀಟಿನಲ್ಲಿ ಮಾವನ ಬೆನ್ನಿನ ದಿಂಬು ಇತ್ತು. "ನೋಡ್ಕೊಳ್ಳಿ ಮಾವ," ಎಂದು ದಿಂಬಿಗೆ ಹೇಳಿ ನಾಲ್ಕನೇ ಗೇರು ಹಾಕಿ, ಮುಳ್ಳನ್ನು ಐವತ್ತಕ್ಕೆ ತಂದು ಕಾಲನ್ನು ಅಲ್ಲಿ ಇಟ್ಟಳು.

ಗಕ್.

ಅವಳಿಗೆ ನಂಬಲಾಗಲಿಲ್ಲ. ಅರವತ್ತಕ್ಕೆ ಏರಿಸಿದಳು, ಏನೂ ಇಲ್ಲ. ನಲವತ್ತಕ್ಕೆ ಇಳಿಸಿದಳು, ಏನೂ ಇಲ್ಲ. ಐವತ್ತು. ಗಕ್, ಗಕ್, ಗಕ್. ಕಾರಿನಲ್ಲಿ ಮಾವ ಇರಲಿಲ್ಲ, ಸಿಟ್ಟಿರಲಿಲ್ಲ, ದಿಂಬೊಂದೇ ಇತ್ತು. ಕಾರನ್ನು ಪಕ್ಕಕ್ಕೆ ಹಾಕಿ ಅವಳು ನಗತೊಡಗಿದಳು. ನಗುನಗುತ್ತಲೇ ಅಳು ಬಂತು. ಪಕ್ಕದಲ್ಲಿ ಸೈಕಲ್ಲಿನಲ್ಲಿ ಹೋಗುತ್ತಿದ್ದವನೊಬ್ಬ ನಿಂತು, "ಏನಾಯ್ತಮ್ಮಾ?" ಎಂದು ಕೇಳಿದ. "ಕಾರು ಕೆಟ್ಟಿದೆ!" ಎಂದಳು, ಲಾಟರಿ ಹೊಡೆದವಳ ಹಾಗೆ. ಅವನು ಅವಳನ್ನೊಮ್ಮೆ ನೋಡಿ ಸೈಕಲ್ಲು ತುಳಿದ.

ಮಧ್ಯಾಹ್ನ ಮಾವನನ್ನು ಹತ್ತಿಸಿಕೊಂಡವಳು ಮನೆಯ ಕಡೆ ತಿರುಗಲಿಲ್ಲ.

"ಎಲ್ಲಿಗೆ?"

"ಒಂದು ಕಡೆ ಹೋಗಿ ಬರೋಣ ಮಾವ. ಸುಮ್ನೆ ಕೂತ್ಕೊಳ್ಳಿ."

ಇಪ್ಪತ್ತು ವರ್ಷದಲ್ಲಿ ಅವಳು ಅವರಿಗೆ ಸುಮ್ಮನೆ ಕೂತ್ಕೊಳ್ಳಿ ಎಂದದ್ದು ಅದೇ ಮೊದಲು. ಮಾವ ಸುಮ್ಮನೆ ಕೂತರು.

ಲಾಂಡ್ರಿಯ ವ್ಯಾನುಗಳ ವೈರಿಂಗ್ ರಿಪೇರಿ ಮಾಡುವ ಎಲೆಕ್ಟ್ರಿಷಿಯನ್ ಒಬ್ಬನಿದ್ದ. ಎಲ್ಲರೂ ನಂಬರು ತೋರಿಸುವ ಮೀಟರು ಇಟ್ಟುಕೊಂಡಿದ್ದರೆ ಇವನು ಮಾತ್ರ ಹಳೇ ಕಾಲದ ಮುಳ್ಳಿನ ಮೀಟರನ್ನೇ ಹಿಡಿದು ಓಡಾಡುತ್ತಿದ್ದುದರಿಂದ ಮುಳ್ಳಣ್ಣ ಎಂದೇ ಹೆಸರಾಗಿತ್ತು. ಸೊಸೆ ಹೇಳಿದ್ದನ್ನೆಲ್ಲ ಅವನು ಕಿವಿಗೊಟ್ಟು ಕೇಳಿದ. ಐವತ್ತರಲ್ಲಿ ಮಾತ್ರ, ಮೇಲೂ ಇಲ್ಲ ಕೆಳಗೂ ಇಲ್ಲ ಎಂದಾಗ ಹುಬ್ಬು ಎತ್ತಿದ.

"ಇದನ್ನ ಯಾರು ಕಂಡುಹಿಡಿದ್ರು?"

"ನಾನೇ."

"ಅರ್ಧ ಕೆಲಸ ನೀವೇ ಮಾಡಿದೀರಲ್ಲ ಅಕ್ಕ," ಎಂದು ಬಾನೆಟ್ ಎತ್ತಿದ. ಮಾವ ಕೋಲೂರಿಕೊಂಡು ಇಳಿದು ಪಕ್ಕಕ್ಕೆ ಬಂದು ನಿಂತರು. ಬಾನೆಟ್ ತೆರೆದ ಕಡೆ ಅವರಿಗೆ ಕೂತಿರಲು ಆಗುವುದಿಲ್ಲ.

"ನೀವು ಆಕ್ಸಿಲರೇಟರ್ ಒತ್ತಿದಾಗ ಇಂಜಿನ್ನಿಗೆ ಗಾಳಿ ಬಿಡೋ ಒಂದು ಬಾಗಿಲು ತೆರೆಯುತ್ತೆ," ಅಂದ ಮುಳ್ಳಣ್ಣ. "ಅದೇ ಥ್ರಾಟಲ್. ಅದು ಎಷ್ಟು ತೆರೆದಿದೆ ಅಂತ ಇಂಜಿನ್ನಿನ ಕಂಪ್ಯೂಟರಿಗೆ ಹೇಳೋದಕ್ಕೆ ಅದರ ಪಕ್ಕದಲ್ಲೇ ಒಂದು ಸೆನ್ಸರ್ ಇದೆ, ನೋಡಿ, ಇದು. ಮೂರು ವೈರು. ಒಂದರಲ್ಲಿ ಕರೆಂಟ್ ಬರುತ್ತೆ, ಒಂದು ಅರ್ತಿಂಗು, ನಡುವಿಂದು ಸುದ್ದಿ ಹೇಳೋದು. ಅದು ಸುಳ್ಳು ಸುದ್ದಿ ಹೇಳಿದ್ರೆ ಇಂಜಿನ್ನಿಗೆ ತಲೆ ಕೆಡುತ್ತೆ."

ಮೊದಲು ವೈರುಗಳನ್ನು ಅಲ್ಲಾಡಿಸಿ, ಕನೆಕ್ಟರ್ ಬಿಚ್ಚಿ ಒರೆಸಿ, ಕರೆಂಟು ಸರಿಯಾಗಿ ಐದು ವೋಲ್ಟು ಬರುತ್ತಿದೆಯೇ, ಅರ್ತಿಂಗು ಸರಿ ಇದೆಯೇ ಎಂದೆಲ್ಲ ನೋಡಿದ. ಎಲ್ಲ ಸರಿ ಇತ್ತು. ಆಮೇಲೆ ನಡುವಿನ ವೈರಿಗೆ ಹಿಂದಿನಿಂದ ಗುಂಡುಸೂಜಿ ತೂರಿಸಿ ಮೀಟರಿನ ಕ್ಲಿಪ್ಪು ಕಚ್ಚಿಸಿದ.

"ಕೀ ಮಾತ್ರ ಆನ್ ಮಾಡಿ, ಇಂಜಿನ್ ಬೇಡ. ಈಗ ಯಾರಾದ್ರೂ ಪೆಡಲ್ ಒತ್ತಬೇಕು. ನಿಧಾನ ಅಂದ್ರೆ ನಿಧಾನ."

ಸೊಸೆ ಕಾರಿನೊಳಗೆ ಹೋಗುವಷ್ಟರಲ್ಲಿ ಮಾವ ಬಾಗಿಲ ಹತ್ತಿರ ಬಂದಿದ್ದರು. "ನಾನು ಒತ್ತುತೀನಿ," ಎಂದು ಡ್ರೈವರ್ ಸೀಟಿನಲ್ಲಿ ಕೂತೇಬಿಟ್ಟರು. ಎರಡು ವರ್ಷದ ಮೇಲೆ ಕೂತದ್ದು. ಕೈ ತಾನಾಗಿ ಸ್ಟೇರಿಂಗ್ ಸವರಿತು. ಬಲಗಾಲು ಪೆಡಲಿನ ಮೇಲಿದೆಯೋ ಪಕ್ಕದಲ್ಲಿದೆಯೋ ಅವರಿಗೆ ತಿಳಿಯಲಿಲ್ಲ, ಬಗ್ಗಿ ಕಣ್ಣಿಂದ ನೋಡಿ ಇಡಬೇಕಾಯಿತು. ಒತ್ತಿದರು. ಮುಳ್ಳು ಒಂದೇ ಸಲ ಆ ಕಡೆಯಿಂದ ಈ ಕಡೆಗೆ ಹಾರಿತು.

"ನಿಧಾನ ಯಜಮಾನ್ರೇ."

ಮತ್ತೆ ಒತ್ತಿದರು. ಮತ್ತೆ ಹಾರಿತು. ಮೂರನೇ ಸಲ ಪಾದ ಜಾರಿ ಪೆಡಲಿನ ಪಕ್ಕಕ್ಕೆ ಬಿತ್ತು. ಮಾವ ಇಳಿದರು. ಸೊಸೆಗೆ ಅಯ್ಯೋ ಪಾಪ ಎನ್ನಿಸಿತು, ಹಾಗೆ ಅನ್ನಿಸಿದ್ದಕ್ಕೆ ತನ್ನ ಮೇಲೇ ಸಿಟ್ಟೂ ಬಂತು.

ಅವಳು ಕೂತು ಒತ್ತಿದಳು. ಇಸ್ತ್ರಿ ಯಂತ್ರದ ಪೆಡಲಿನ ಹಾಗೆ, ಇರುವೆ ನಡೆದ ಹಾಗೆ. ಮೀಟರಿನ ಮುಳ್ಳು ಅರ್ಧ ವೋಲ್ಟಿನಿಂದ ಮೆಲ್ಲಗೆ ಮೇಲೇಳುತ್ತ ಬಂತು, ಒಂದು, ಒಂದೂಕಾಲು, ಅಲ್ಲಿಂದ ಸತ್ತ ಹಾಗೆ ಸೊನ್ನೆಗೆ ಬಿತ್ತು. ಇನ್ನೊಂದು ಕೂದಲೆಳೆ ಒತ್ತಿದಳು, ಮತ್ತೆ ಎದ್ದು ಏನೂ ಆಗದವರ ಹಾಗೆ ಮೇಲೆ ಹೋಯಿತು. ಹತ್ತು ಸಲ ಒತ್ತಿಸಿದ. ಹತ್ತು ಸಲವೂ ಅದೇ ಜಾಗದಲ್ಲಿ ಬಿತ್ತು.

"ಸಿಕ್ಕಿಬಿದ್ದ ಕಳ್ಳ," ಅಂದ ಮುಳ್ಳಣ್ಣ. "ಬೇಗ ದಾಟಿ ಹೋದ್ರೆ ಗೊತ್ತಾಗಲ್ಲ. ಸ್ಕ್ಯಾನರಿಗೂ ಸಿಗಲ್ಲ. ಅದೇ ಜಾಗದಲ್ಲಿ ಕಾಲು ನಿಲ್ಲಿಸಿದ್ರೆ ಮಾತ್ರ ಸಿಗೋದು. ಅಕ್ಕ, ನಿಮ್ಮ ಕಾಲು ಬಹಳ ಚೆನ್ನಾಗಿದೆ. ಇಷ್ಟು ನಿಧಾನ ಒತ್ತೋರು ನನಗೆ ಸಿಕ್ಕಿರಲಿಲ್ಲ."

ಹೊಟ್ಟೆಗೆ ಹಾಲೆರೆದಂತಾಯಿತು ಅವಳಿಗೆ. ಮಾವನ ಕಡೆ ನೋಡಲಿಲ್ಲ.

ಮುಳ್ಳಣ್ಣ ಎರಡು ಸ್ಕ್ರೂ ಬಿಚ್ಚಿ ಸೆನ್ಸರನ್ನು ಹೊರಗೆ ತೆಗೆದ. ಬೆಂಕಿಪೊಟ್ಟಣದಷ್ಟು ಇತ್ತು. ಇದು ಇನ್ನು ಹೇಗೂ ಎಸೆಯೋದೇ ಎಂದು ಬ್ಲೇಡಿನಿಂದ ಮುಚ್ಚಳ ಸೀಳಿ ತೋರಿಸಿದ. ಒಳಗೆ ಕಮಾನಿನ ಆಕಾರದ ಕಪ್ಪು ಪಟ್ಟಿ, ಅದರ ಮೇಲೆ ಸರಿಯುವ ತೆಳು ತಗಡಿನ ನಾಲಗೆ. ಪಟ್ಟಿ ಉದ್ದಕ್ಕೂ ಮಟ್ಟಸವಾಗಿತ್ತು. ಒಂದೇ ಒಂದು ಜಾಗದಲ್ಲಿ ಕಪ್ಪು ಪೂರ್ತಿ ಸವೆದು ಒಳಗಿನ ಬಿಳುಪು ಕಾಣುತ್ತಿತ್ತು.

"ಸಾಮಾನ್ಯವಾಗಿ ಪಟ್ಟಿ ಎಲ್ಲಾ ಕಡೆ ಸ್ವಲ್ಪ ಸ್ವಲ್ಪ ಸವೆಯುತ್ತೆ," ಅಂದ. "ಹೀಗೆ ಒಂದೇ ಕಡೆ ಗುಂಡಿ ಬಿದ್ದಿದ್ದು ನಾನು ನೋಡಿಲ್ಲ. ಯಾರೋ ವರ್ಷಗಟ್ಟಲೆ ಕಾಲನ್ನ ಇದೇ ಜಾಗದಲ್ಲಿ ಇಟ್ಟಿದ್ದಾರೆ. ಆಮೇಲೆ ಗಾಡಿ ತುಂಬಾ ದಿನ ನಿಂತಿತ್ತಾ? ತೇವ ಹಿಡಿದು ಪೂರ್ತಿ ಕೆಟ್ಟಿದೆ. ಎಂಥಾ ಕಾಲಪ್ಪ ಅದು, ಕಲ್ಲಿನ ಹಾಗೆ ನಿಂತಿದೆ! ಯಾರು ಓಡಿಸ್ತಿದ್ರು ಮುಂಚೆ?"

ಸೊಸೆಯ ಬಾಯಿ ತುದಿಗೆ ಉತ್ತರ ಬಂದಿತ್ತು. ನುಂಗಿಕೊಂಡಳು. ಇದನ್ನು ತಾನು ಹೇಳಬಾರದು, ಅವರೇ ಹೇಳಲಿ. ಹೇಳದಿದ್ದರೆ ಬೇಡ, ಆದರೆ ತಾನು ಹೇಳುವುದಿಲ್ಲ ಎಂದು ಅಲ್ಲೇ ನಿರ್ಧಾರ ಮಾಡಿದಳು. ಮಾವ ಆ ಬಿಳಿ ಚುಕ್ಕೆಯನ್ನು ಬಹಳ ಹೊತ್ತು ನೋಡಿದರು. ಅವರ ಕಿವಿ ಕೆಂಪಾಗಿತ್ತು.

"ಹೊಸದು ಸಿಗುತ್ತಾ?" ಎಂದಷ್ಟೇ ಕೇಳಿದರು.

ಗುರುವಾರ ಹೊಸ ಸೆನ್ಸರ್ ಬಂತು. ಕಾಲು ಪೂರ್ತಿ ಬಿಟ್ಟಾಗ ಮುಳ್ಳು ಎಷ್ಟರಲ್ಲಿ ನಿಲ್ಲಬೇಕೋ ಅಷ್ಟರಲ್ಲಿ ನಿಲ್ಲುವ ಹಾಗೆ ಸೆನ್ಸರನ್ನು ಕೊಂಚ ಕೊಂಚ ತಿರುಗಿಸಿ ಸ್ಕ್ರೂ ಬಿಗಿದ ಮುಳ್ಳಣ್ಣ. ಶುಕ್ರವಾರ ಮಾವ ಕೂತರು. ನಾಲ್ಕನೇ ಗೇರು, ಐವತ್ತು. ಆ ಗಳಿಗೆಯಲ್ಲಿ ಹಳೇ ಅಭ್ಯಾಸದಿಂದ ಮಾವನ ಎರಡೂ ಕೈ ಮುಂದಕ್ಕೆ ಬಂದವು. ಏನೂ ಆಗಲಿಲ್ಲ. ಕಾರು ಹರಿಯುವ ನೀರಿನ ಹಾಗೆ ಹೋಯಿತು. ಮಾವ ಕೈಗಳನ್ನು ಮೆಲ್ಲಗೆ ತೊಡೆಯ ಮೇಲೆ ಇಟ್ಟುಕೊಂಡು ಕಿಟಕಿಯಾಚೆ ನೋಡಿದರು.

ರಾತ್ರಿಯ ಊಟಕ್ಕೆ ಗಂಡ ಕೇಳಿದ, "ಏನಂತೆ ಕಾರಿಗೆ?"

"ಒಂದು ಪಾರ್ಟು ಹೋಗಿತ್ತು," ಅಂದರು ಮಾವ. "ಪಲ್ಯ ಹಾಕು."

"ಹಾಗಾದ್ರೆ ಅಮ್ಮನ ಕಾಲು?" ಎಂದಳು ಮಗಳು. "ತಾತ, ಅಮ್ಮನ ಸಿಟ್ಟು ಕಾಲಿಗೆ ಇಳಿದಿದೆ ಅಂದ್ರಲ್ಲ? ಈಗ ಎಲ್ಲಿಗೆ ಹೋಯ್ತು ಸಿಟ್ಟು?"

"ಪಾರ್ಟುಗಳು ಹೋಗ್ತವೆ, ಬರ್ತವೆ," ಅಂದ ಗಂಡ. "ಆದ್ರೂ ಮಾರೋದೇ ಒಳ್ಳೇದು. ಇವತ್ತು ಇದು, ನಾಳೆ ಇನ್ನೊಂದು. ನಿನ್ನ ಕೈಲಿ ಆಗಲ್ಲ. ಭಾನುವಾರ ಅವನು ಬರ್ತಾನೆ, ಮಾತಾಗಿದೆ."

ಸೊಸೆ ಮಾವನ ಕಡೆ ನೋಡಿದಳು. ಮಾವ ಪಲ್ಯದಲ್ಲಿ ಆಲೂಗಡ್ಡೆಯನ್ನು ಹುಡುಕುತ್ತಿದ್ದರು. ಒಂದೇ ಒಂದು ಮಾತು ಸಾಕಿತ್ತು. ಅದು ಬರಲಿಲ್ಲ. ಅವಳು ಎದ್ದು ಪಾತ್ರೆಗಳನ್ನು ತೊಟ್ಟಿಗೆ ಹಾಕಿದಳು, ಬೇಕಾದ್ದಕ್ಕಿಂತ ಸ್ವಲ್ಪ ಜೋರಾಗಿಯೇ.

ಶನಿವಾರ ಲಾಂಡ್ರಿಯಲ್ಲಿ ತನ್ನ ಬೀರುವಿನ ಸಾಮಾನನ್ನು ಸುಮ್ಮನೆ ಒಂದು ಸಲ ಜೋಡಿಸಿಟ್ಟಳು. ಚಹಾದ ಲೋಟ, ಬಾಚಣಿಗೆ, ಹೆಚ್ಚಿಗೆ ಇಟ್ಟಿದ್ದ ಒಂದು ಜೊತೆ ಚಪ್ಪಲಿ. ಒಂದು ಚೀಲಕ್ಕೂ ಸಾಲದಷ್ಟು.

ಭಾನುವಾರ ಮಾವನ ಸ್ನಾನ ತಡವಾಗಿ. ಅದಾದ ಮೇಲೆ ಹಜಾರದಲ್ಲಿ ಕುರ್ಚಿ ಹಾಕಿ, ಸೊಸೆ ಕೆಳಗೆ ಮಣೆಯ ಮೇಲೆ ಕೂತು, ಅವರ ಬಲಗಾಲನ್ನು ಮಡಿಲಿಗೆ ಎತ್ತಿಕೊಂಡು ಟಾರ್ಚು ಹಿಡಿದಿದ್ದಳು. ಬೆರಳ ಸಂದು, ಹಿಮ್ಮಡಿ, ಅಂಗಾಲು. ಹೆಬ್ಬೆರಳಿನ ಬುಡದಲ್ಲಿ ಹಳೇ ನಾಣ್ಯದಷ್ಟು ಅಗಲ ಗಟ್ಟಿ ಚರ್ಮ ಇತ್ತು. ಎರಡು ವರ್ಷದಿಂದ ದಿನಾ ನೋಡುತ್ತಿದ್ದಳು. ಪೆಡಲು ಒತ್ತಿ ಒತ್ತಿ ಬಂದದ್ದು ಎಂದು ಇವತ್ತು ಹೊಳೆಯಿತು.

ಅಷ್ಟರಲ್ಲಿ ಔಷಧಿ ಅಂಗಡಿಯವನು ಬಂದ. ಗಂಡ ಅವನನ್ನು ಹೊರಗೆ ಕರೆದುಕೊಂಡು ಹೋಗಿ ಕಾರು ತೋರಿಸಿ ಒಳಗೆ ಕರೆತಂದ. ಮಗಳು ಚಹಾ ತಂದಿಟ್ಟಳು.

"ಗಾಡಿ ಚೊಕ್ಕವಾಗಿದೆ," ಅಂದ ಅಂಗಡಿಯವನು. "ಆದ್ರೆ ಜರ್ಕ್ ಹೊಡೆಯುತ್ತೆ ಅಂತ ಬೀದೀಲೆಲ್ಲ ಮಾತಿದೆಯಲ್ಲ."

"ಗಾಡೀದೇನೂ ಇಲ್ಲ," ಗಂಡ ನಕ್ಕ. "ಅಪ್ಪ ಓಡಿಸಿದ ಗಾಡಿ, ಹೂವಿನ ಹಾಗೆ ಇಟ್ಟಿದ್ರು. ಈಗ ಓಡಿಸೋರ ಕಾಲು ಸ್ವಲ್ಪ ಭಾರ, ಅಷ್ಟೇ."

ಸೊಸೆಯ ಕೈಯಲ್ಲಿದ್ದ ಟಾರ್ಚು ಅಲ್ಲೇ ನಿಂತಿತು. ತಲೆ ಎತ್ತಲಿಲ್ಲ. ಎತ್ತಿದರೆ ಕಣ್ಣೀರು ಬೀಳುತ್ತದೆ, ಮೂರನೆಯವರ ಮುಂದೆ ಅದೊಂದು ಬಾಕಿ.

"ಕಾಲಿಂದೇ ತಪ್ಪು," ಎಂದರು ಮಾವ.

ಎಲ್ಲರೂ ಅವರ ಕಡೆ ತಿರುಗಿದರು. ಸೊಸೆಗೆ ಮೈಯೆಲ್ಲ ಉರಿದುಹೋಯಿತು. ಇನ್ನೂ ಬಿಡಲಿಲ್ಲವಲ್ಲ ಈ ಮುದುಕ.

ಮಾವ ಬಗ್ಗಿ, ಅವಳ ಮಡಿಲಲ್ಲಿದ್ದ ತಮ್ಮ ಪಾದವನ್ನು ಬೆರಳಿಂದ ತಟ್ಟಿದರು. "ಈ ಕಾಲು. ಹದಿನಾಲ್ಕು ವರ್ಷ ಒಂದೇ ಕಡೆ ಇಟ್ಟು ಒಳಗಿನ ಪಟ್ಟೀನೇ ಸವೆಸಿಬಿಟ್ಟಿದೀನಿ. ಐವತ್ತರಲ್ಲೇ ಗುಂಡಿ. ಆಮೇಲೆ ಅದೇ ಗುಂಡಿ ಮೇಲೆ ಕಾಲಿಡು ಅಂತ ದಿನಾ ಇವಳಿಗೆ ಹೇಳಿದೀನಿ. ಇಟ್ಲು. ಜರ್ಕ್ ಹೊಡೀತು. ಬೈದೆ." ಉಸಿರು ಎಳೆದುಕೊಂಡರು. "ಕಾರು ಮಾರೋದಿಲ್ಲ. ಓಡಿಸೋರು ಇದಾರೆ. ಚೆನ್ನಾಗಿ ಓಡಿಸ್ತಾಳೆ."

ಔಷಧಿ ಅಂಗಡಿಯವನಿಗೆ ಗುಂಡಿಯೂ ತಿಳಿಯಲಿಲ್ಲ, ಪಟ್ಟಿಯೂ ತಿಳಿಯಲಿಲ್ಲ. ಚಹಾ ಗಟಗಟ ಕುಡಿದು, "ಮನೆ ವ್ಯವಹಾರ, ನೀವೇ ಮಾತಾಡ್ಕೊಳ್ಳಿ," ಎಂದು ಎದ್ದ. ಗಂಡ ಅವನನ್ನು ಬಿಟ್ಟುಬರಲು ಗೇಟಿನ ತನಕ ಹೋದವನು ಬೇಗ ಒಳಗೆ ಬರಲಿಲ್ಲ. ಮಗಳು ಲೋಟ ಎತ್ತಿಕೊಂಡು ಹೋಗುತ್ತ ತಾತನ ಹೆಗಲನ್ನು ಒಮ್ಮೆ ಮುಟ್ಟಿದಳು.

ಹಜಾರದಲ್ಲಿ ಇಬ್ಬರೇ ಉಳಿದರು. ಮಾವನ ಹಣೆಯ ಊತ ಇಳಿದು ಹಳದಿಗೆ ತಿರುಗಿತ್ತು. ಸೊಸೆ ಪಾದಕ್ಕೆ ಮುಲಾಮು ಸವರಿದಳು. ಅವರಿಗೆ ಅದು ತಿಳಿಯುವುದಿಲ್ಲ, ಆದರೂ ಮೆಲ್ಲಗೇ ಸವರಿದಳು.

"ಸಿಟ್ಟು ಇತ್ತು ಮಾವ," ಎಂದಳು, ಪಾದದ ಕಡೆಯೇ ನೋಡುತ್ತ. "ಅದು ಸುಳ್ಳಲ್ಲ. ಕಾಲಿಗೆ ಮಾತ್ರ ಇಳಿದಿರಲಿಲ್ಲ."

"ಗೊತ್ತು," ಎಂದರು ಮಾವ. "ಈಗ?"

"ಈಗಲೂ ಇದೆ."

ಮಾವ ತಲೆಯಾಡಿಸಿದರು. ಹೊರಗೆ ಗೇಟಿನ ಚಿಲಕದ ಸದ್ದಾಯಿತು. ಸೊಸೆ ಬಲಗಾಲನ್ನು ಟವೆಲ್ಲಿನ ಮೇಲೆ ಇಳಿಸಿ, ಕೈ ಒರೆಸಿಕೊಂಡು, ಟಾರ್ಚು ಎತ್ತಿಕೊಂಡಳು.

"ಆ ಕಾಲು ಕೊಡಿ," ಅಂದಳು.